ಅಸಲಿ ಮೂತಿ

ನಮ್ಮ ಮನೆಯ ಮುಂದೆ ವರ್ಷಗಟ್ಟಲೆ ಒಂದು ವಿಮಾನದ ಮೂತಿ ನಿಂತಿತ್ತು. ವಿಮಾನವಲ್ಲ, ಬರೀ ಮೂತಿ. ರೆಕ್ಕೆಯಿಲ್ಲ, ಬಾಲವಿಲ್ಲ, ಎಂಜಿನ್ನಿಲ್ಲ. ಕಟುಕ ಕುರಿಯ ತಲೆ ಕಡಿದು ಹಲಗೆಯ ಮೇಲೆ ಇಟ್ಟ ಹಾಗೆ ಎರಡನೇ ಮಹಾಯುದ್ಧದ ಹ್ಯಾಲಿಫ್ಯಾಕ್ಸ್ ಬಾಂಬರೊಂದರ ತಲೆಯನ್ನು ಅಪ್ಪ ಟ್ರೇಲರಿನ ಮೇಲೆ ಕೂರಿಸಿದ್ದ. ಅದಕ್ಕೆ ಟಾರ್ಪಾಲು ಹೊದಿಸಿದ್ದ. ಚಳಿಗಾಲದಲ್ಲಿ ತೇವ ಹಿಡಿಯಬಾರದೆಂದು ಒಳಗೊಂದು ಸಣ್ಣ ಹೀಟರನ್ನೂ ಇಟ್ಟಿದ್ದ. ನನ್ನ ಕೋಣೆಯ ಹೀಟರು ಕೆಟ್ಟಾಗ ಮಾತ್ರ, ಎರಡು ಸ್ವೆಟರ್ ಹಾಕ್ಕೋ ಹೋಗೋ ಅಂದಿದ್ದ.

ಈ ಮೂತಿ ಹುಟ್ಟಿದ್ದು ಬಾಂಬು ಹಾಕಲು, ಬಾಳಿದ್ದು ಕೋಳಿಗೂಡಾಗಿ. ಯುದ್ಧ ಮುಗಿದು ವಿಮಾನಗಳನ್ನೆಲ್ಲ ಗುಜರಿಗೆ ಕಡಿದು ಹಾಕುವಾಗ ನಮ್ಮ ಲಿಂಕನ್‌ಶೈರಿನ ರೈತನೊಬ್ಬ ಈ ತುಂಡನ್ನು ಎಳೆದುಕೊಂಡು ಹೋಗಿ ಬೀಟ್‌ರೂಟಿನ ಹೊಲದ ಮೂಲೆಯಲ್ಲಿಟ್ಟ. ಪೈಲಟ್ಟು ಕೂರುವ ಜಾಗದಲ್ಲಿ ತಲೆಮಾರುಗಟ್ಟಲೆ ಕೋಳಿಗಳು ಮೊಟ್ಟೆಯಿಟ್ಟವು. ಈ ಮೂತಿಯಿಂದ ಮನುಷ್ಯರಿಗೆ ಏನಾದರೂ ಉಪಕಾರವಾಗಿದ್ದರೆ ಅದು ಆ ಮೊಟ್ಟೆಗಳಿಂದ ಮಾತ್ರ. ಅಪ್ಪ ಅದನ್ನು ಮೊದಲ ಸಲ ನೋಡಿದಾಗ ಒಳಗೆ ಮೊಣಕಾಲೆತ್ತರ ಹಿಕ್ಕೆ ಇತ್ತಂತೆ. ಅಪ್ಪ ಅದರಲ್ಲೇ ಮಂಡಿಯೂರಿ ಅತ್ತನಂತೆ. ಸ್ವಂತ ತಾಯಿಯ ಮಣ್ಣಿನ ದಿನ ಕಣ್ಣು ಒದ್ದೆ ಮಾಡಿಕೊಳ್ಳದ ಮನುಷ್ಯ.

ನಮ್ಮ ಕಡೆ ಇದೇನೂ ವಿಚಿತ್ರವಲ್ಲ. ಹಣವಂತರು ಇಡೀ ವಿಮಾನ ಇಟ್ಟುಕೊಳ್ಳುತ್ತಾರೆ, ಹಾರಿಸುತ್ತಾರೆ. ಅಷ್ಟು ತಾಕತ್ತಿಲ್ಲದವರು ಮೂತಿ ಇಟ್ಟುಕೊಳ್ಳುತ್ತಾರೆ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ಹಿತ್ತಲಿನಲ್ಲಿ, ಒಬ್ಬನಂತೂ ಊಟದ ಮನೆಯ ಗೋಡೆ ಒಡೆಸಿ ಇಟ್ಟಿದ್ದಾನೆ. ಇವರಿಗೊಂದು ಸಂಘ. ಸಂಘಕ್ಕೊಂದು ಲಾಂಛನ. ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ ಹುಟ್ಟಿದ ಈ ಗಂಡಸರು ಬಿಯರ್ ಲೋಟ ಹಿಡಿದು, 'ನಾವು ಬರ್ಲಿನ್ ಮೇಲೆ ಹೋದಾಗ' ಎಂದು ಮಾತು ಶುರು ಮಾಡುತ್ತಾರೆ. ನಾವು! ಆ ಮೂತಿಗಳಲ್ಲಿ ನಿಜವಾಗಿ ಕೂತು ಹೋದವರು ನನಗಿಂತ ಚಿಕ್ಕ ಹುಡುಗರು, ಬಹಳ ಮಂದಿ ವಾಪಸ್ಸೇ ಬರಲಿಲ್ಲ. ಅವರ ಬಗ್ಗೆ ಕೇಳಿದರೆ ಇವರಿಗೆ ಒಂದು ಹೆಸರೂ ಬಾರದು. ಯಾವ ಸ್ಕ್ರೂ ಎಷ್ಟು ಸುತ್ತು ತಿರುಗಬೇಕೆಂದು ಕೇಳಿ, ರಾತ್ರಿ ಬೆಳಗಾಗುವವರೆಗೂ ಹೇಳುತ್ತಾರೆ. ಸತ್ತ ಎಮ್ಮೆಗೆ ಸೇರು ಹಾಲು ಎಂಬ ಗಾದೆಯನ್ನು ಇವರನ್ನು ನೋಡಿಯೇ ಮಾಡಿರಬೇಕು.

ಅಮ್ಮ ಇದನ್ನೆಲ್ಲ ಸಹಿಸುವಷ್ಟು ಸಹಿಸಿ, ಸಮುದ್ರದಂಡೆಯ ಸ್ಕೆಗ್ನೆಸ್‌ಗೆ, ಮೀನು ಕರಿಯುವ ಒಬ್ಬ ಒಳ್ಳೆಯವನ ಮನೆಗೆ ಹೊರಟುಹೋದಳು. ಹೋಗುವ ದಿನ ಬಾಗಿಲಲ್ಲಿ ನಿಂತು ಅಂದಳು:

"ಕ್ಲೈವ್, ನನ್ನ ತಪ್ಪೇ ಕಣಪ್ಪ. ನಾನೂ ಐವತ್ತು ವರ್ಷ ಕೋಳಿ ಹೇಲಲ್ಲಿ ಬಿದ್ದಿದ್ರೆ ನೀನು ಹಲ್ಲುಜ್ಜೋ ಬ್ರಷ್ ತಗೊಂಡು ನನ್ನನ್ನೂ ಮೂಲೆಮೂಲೆ ಉಜ್ತಿದ್ದೆ."

ಅಪ್ಪ ಆಗ ನಿಜವಾಗಿಯೂ ಕೈಯಲ್ಲಿ ಬ್ರಷ್ ಹಿಡಿದು ನಿಂತಿದ್ದ.

ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಡ್ಯಾರಿಲ್, ಹದಿನಾರಕ್ಕೇ ಶಾಲೆ ಬಿಟ್ಟು ಟೈರಂಗಡಿ ಸೇರಿದವನು. ಅಪ್ಪ ಸಕ್ಕರೆ ಕಾರ್ಖಾನೆ ಮುಚ್ಚಿದಂದಿನಿಂದ ಮೂತಿಗೇ ಪೂರ್ತಿ ನೌಕರ. ಹೀಗಿರುವಾಗ ಈ ವರ್ಷದ ಮಾರ್ಚಿನಲ್ಲಿ ಅಕ್ಕ ಬೆಥನಿ ಎರಡು ಬ್ಯಾಗು, ಒಂದು ಹೊಟ್ಟೆ ಹೊತ್ತು ವಾಪಸ್ಸು ಬಂದಳು. ಅವಳ ಜೊತೆಗಿದ್ದವನು ಮಗುವಿನ ಸುದ್ದಿ ಕೇಳಿ ಸ್ಕಾಟ್ಲೆಂಡಿಗೆ ಹೋಗಿದ್ದ, ಅಲ್ಲಿ ಫೋನು ಸಿಗುವುದಿಲ್ಲವಂತೆ. ಅಮ್ಮನ ಮನೆಯಲ್ಲಿ ಒಂದೇ ಕೋಣೆ. ನಮ್ಮ ಮನೆಯಲ್ಲಿ ಅವಳದೇ ಹಳೆಯ ಕೋಣೆ ಇತ್ತು, ಹಿಂಬದಿಯ ಸಣ್ಣ ಕೋಣೆ. ಆದರೆ ಅದರ ಮಂಚ, ಮೇಜು, ಕಿಟಕಿಯ ಕಟ್ಟೆ, ಎಲ್ಲದರ ಮೇಲೂ ಡಯಲ್ಲುಗಳು. ಎತ್ತರ ತೋರಿಸುವವು, ವೇಗ ತೋರಿಸುವವು, ಎಣ್ಣೆ ತೋರಿಸುವವು. ಮೂತಿಯೊಳಗಿನ ಫಲಕಕ್ಕೆ ಬೇಕಾದ ಅಸಲಿ ಡಯಲ್ಲುಗಳನ್ನು ಅಪ್ಪ ದೇಶವೆಲ್ಲ ಅಲೆದು ಒಟ್ಟು ಮಾಡಿದ್ದ.

"ಅಪ್ಪಾ, ಇದು ನನ್ನ ರೂಮು," ಅಂದಳು ಬೆಥನಿ.

"ಅಲ್ಲ ಅಂದೋರು ಯಾರಮ್ಮ? ಮಂಚದ ಮೇಲಿರೋದೊಂದು ಮುಟ್ಬೇಡ."

"ಮಂಚದ ಮೇಲಿರೋದು ಮುಟ್ದೆ ಎಲ್ಲಿ ಮಲಗ್ಲಿ? ಸೂರಲ್ಲಿ ಬಾವಲಿ ಥರ ನೇತಾಡ್ಲಾ?"

"ಜೂನಲ್ಲಿ ಮೇಳ ಇದೆ. ಅಷ್ಟರಲ್ಲಿ ಎಲ್ಲಾನೂ ರೆಡಿ ಮಾಡಿ ಮೂತಿಯೊಳಗೆ ಕೂರಿಸ್ತೀನಿ. ಆಮೇಲೆ ರೂಮು ನಿಂದೇ, ನಿನ್ನ ಮಗೂದೇ. ಗೋಡೆಗೆ ಬಣ್ಣ ಬೇಕಾದ್ರೂ ಹೊಡ್ಕೊಡ್ತೀನಿ."

"ಯಾವ ಬಣ್ಣ? ಬಾಂಬರ್ ಹಸಿರಾ?" ಅಂದೆ ನಾನು.

"ನೀನು ಬಾಯ್ಮುಚ್ಚೋ ಡ್ಯಾರಿಲ್."

ಕೊನೆಗೆ ಡಯಲ್ಲುಗಳು ಮಂಚದಿಂದ ಮೇಜಿಗೆ ಹೋದವು. ರಾತ್ರಿ ಅವಳು ಮಲಗುವುದು, ಹಗಲು ಅಪ್ಪ ಅಲ್ಲೇ ಕೂತು ಕೆಲಸ ಮಾಡುವುದು ಎಂದು ರಾಜಿಯಾಯಿತು. ಹಗಲೂ ಅವಳು ಸುಸ್ತಾಗಿ ಅಡ್ಡವಾದರೆ ಅಪ್ಪ ಏಳುತ್ತಿರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ನಿದ್ದೆ ಹೋಗುತ್ತಿದ್ದಳು, ಅಪ್ಪ ಆ ಕಡೆ ಕೆರೆಯುತ್ತಿದ್ದ.

ಕೆರೆಯುವುದು ಏನೆಂದರೆ: ಯುದ್ಧಕಾಲದ ಡಯಲ್ಲುಗಳ ಅಂಕಿ, ಮುಳ್ಳುಗಳಿಗೆಲ್ಲ ಕತ್ತಲೆಯಲ್ಲಿ ಹೊಳೆಯುವ ಬಣ್ಣ ಬಳಿದಿರುತ್ತಿದ್ದರು. ರಾತ್ರಿ ಹಾರುವವರಿಗೆ ದೀಪವಿಲ್ಲದೆಯೂ ಕಾಣಲಿ ಎಂದು. ಅಷ್ಟು ವರ್ಷವಾದ ಮೇಲೆ ಆ ಹೊಳಪು ಹೋಗಿ, ಬಣ್ಣ ಕಂದಿ, ಹಳೇ ಹಲ್ಲಿನ ಹಾಗೆ ಪುಡಿಪುಡಿಯಾಗಿತ್ತು. ಅಪ್ಪ ಗಾಜು ತೆಗೆದು, ಆ ಕಂದು ಬಣ್ಣವನ್ನು ಸಣ್ಣ ಕಡ್ಡಿಯಿಂದ ಕೆರೆದು, ಬಾಯಿಂದ ಫೂ ಎಂದು ಊದಿ, ಮೀನು ಹಿಡಿಯುವವರ ಅಂಗಡಿಯಿಂದ ತಂದ ಹೊಳೆಯುವ ಹೊಸ ಬಣ್ಣವನ್ನು ಒಂದೇ ಒಂದು ಕೂದಲಿನ ಕುಂಚದಲ್ಲಿ ತುಂಬುತ್ತಿದ್ದ. ಗಾಳಿಗೆ ಹಗುರ ಮುಳ್ಳುಗಳು ಹಾರುತ್ತವೆಂದು ಕಿಟಕಿಯನ್ನು ಟೇಪು ಹಾಕಿ ಮುಚ್ಚಿದ್ದ.

ಕಡ್ಡಿ ಕೊಟ್ಟವನು ಆಬ್ರಿ ಟಾಲ್ಬಾಯ್ಸ್. ಅದು ಹಲ್ಲು ಕೆರೆಯುವ ಕಡ್ಡಿ, ಅವನು ನಿವೃತ್ತ ದಂತವೈದ್ಯ, ಮೂತಿ ಸಂಘದ ಅಧ್ಯಕ್ಷ. ಬಿಸಿಲಲ್ಲೂ ಕುರಿಚರ್ಮದ ಪೈಲಟ್ ಕೋಟು ತೊಡುತ್ತಾನೆ. ಮೀಸೆಗೆ ಮೇಣ ಹಚ್ಚುತ್ತಾನೆ. ಸಂಘದವರು ಅವನನ್ನು ಲೀಡರ್ ಎಂದು ಕರೆಯಬೇಕು, ಕರೆಯುತ್ತಾರೆ ಕೂಡ. ಅವನು ಜೀವಮಾನದಲ್ಲಿ ಹೊಡೆದುರುಳಿಸಿದ್ದು ದವಡೆ ಹಲ್ಲುಗಳನ್ನು ಮಾತ್ರ. ಒಂದು ದಿನ ಡಯಲ್ಲು ನೋಡಲು ಬಂದವನು ಬೆಥನಿಯ ಮಂಚದ ಮೇಲೆಯೇ, ಅವಳ ಕಾಲು ಸರಿಸಿ ಕೂತ.

ಬೆಥನಿ ಕೇಳಿದಳು: "ಇದರಲ್ಲಿ ರೇಡಿಯಂ ಅಂತ ಏನೋ ವಿಷ ಇರುತ್ತಂತಲ್ಲ? ಟಿವೀಲಿ ಬಂದಿತ್ತು."

ಆಬ್ರಿ ನಕ್ಕ. "ಇತ್ತಮ್ಮ, ನಮ್ಮಪ್ಪನ ಕಾಲದಲ್ಲಿ. ಲೈಟಾರಿಸಿ ನೋಡು, ಹೊಳೀತಿದ್ಯಾ? ಇಲ್ಲ ತಾನೆ? ಹೊಳಪು ಸತ್ತಿದೆ ಅಂದ್ರೆ ವಿಷಾನೂ ಸತ್ತಿದೆ."

"ಹಂಗಂತೀರಾ?"

"ನಾನು ನಲವತ್ತು ವರ್ಷ ಎಕ್ಸ್-ರೇ ತೆಗ್ದೋನಮ್ಮ."

ಅಪ್ಪ ಹೆಮ್ಮೆಯಿಂದ ನಮ್ಮಿಬ್ಬರ ಮುಖ ನೋಡಿದ, ಕೇಳಿದ್ರಾ, ಲೀಡರ್ ಹೇಳ್ತಿದ್ದಾರೆ ಎನ್ನುವ ಹಾಗೆ. ಆಬ್ರಿ ಎದ್ದು ಅಪ್ಪನ ಬೆನ್ನು ತಟ್ಟಿದ. "ಈ ಸಲ ಅಸಲಿತನದ ಬಟ್ಟಲು ಈ ಮನೇಗೇ ಬಂದ್ರೂ ಬರಬಹುದು ಕಣಯ್ಯಾ ಕ್ಲೈವ್." ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ, ಖುಷಿಗೆ.

ಅಸಲಿತನದ ಬಟ್ಟಲು ಎಂದರೆ ಮೇಳದ ದೊಡ್ಡ ಬಹುಮಾನ. ಮೇಳ ಎಂದರೆ, ವರ್ಷಕ್ಕೊಮ್ಮೆ ಈ ಎಲ್ಲ ಗಂಡಸರೂ ತಮ್ಮ ತಮ್ಮ ಮೂತಿಗಳನ್ನು ಟ್ರೇಲರಿನ ಮೇಲೆ ಹೇರಿಕೊಂಡು ಹಾಳುಬಿದ್ದ ಏರ್‌ಫೀಲ್ಡೊಂದಕ್ಕೆ ಬಂದು ಸಾಲಾಗಿ ನಿಲ್ಲಿಸುವುದು. ಒಬ್ಬರ ಮೂತಿಯೊಳಗೆ ಒಬ್ಬರು ತಲೆ ತೂರಿಸಿ, ಹೊರಬಂದು, 'ಚೆನ್ನಾಗಿದೆ, ಆದ್ರೆ ಆ ಸ್ವಿಚ್ಚು ಆಮೇಲಿನ ವರ್ಷದ ಮಾಡೆಲ್‌ದು' ಎಂದು ನೋಯಿಸುವುದು. ಹೆಂಗಸರು ಕೆಂಪು ಲಿಪ್‌ಸ್ಟಿಕ್ ಹಚ್ಚಿ, ಕೂದಲು ಸುರುಳಿ ಸುತ್ತಿ, ಅಜ್ಜಿಯರ ಕಾಲದ ಫ್ರಾಕು ತೊಟ್ಟು ಚಹಾ ಹಂಚುತ್ತಾರೆ. ಆಗಾಗ ಬಾಂಬು ದಾಳಿಯ ಸೈರನ್ ಮೊಳಗಿಸುತ್ತಾರೆ. ಜನ ಬೇಕನ್ ರೋಲ್ ತಿನ್ನುತ್ತಾ ಖುಷಿಯಿಂದ ಕಿರುಚುತ್ತಾರೆ. ಆ ಸೈರನ್ ಕೇಳಿ ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡ ಮಕ್ಕಳು ಇದೇ ಊರಿನಲ್ಲಿ ಮುದುಕರಾಗಿ ಸತ್ತರು. ಅವರ್ಯಾರೂ ಅದನ್ನು ಇನ್ನೊಮ್ಮೆ ಹಾಕಿ ಅಂತ ಕೇಳಿರಲಾರರು.

ಜೂನಿನ ಆ ಶನಿವಾರ ಟೈರಂಗಡಿಯ ವ್ಯಾನಿಗೆ ಕಟ್ಟಿಕೊಂಡು ಮೂತಿಯನ್ನು ನಾನೇ ಎಳೆದೆ. ಅಪ್ಪನ ಹಳೇ ಕಾರಿಗೆ ಆ ತೂಕ ಎಳೆಯುವ ಶಕ್ತಿಯಿರಲಿಲ್ಲ. ಬೆಥನಿಗೆ ತಿಂಗಳು ತುಂಬುತ್ತಾ ಬಂದಿತ್ತು, ಕಾಲು ಊದಿಕೊಂಡಿತ್ತು, ಮನೆಯಲ್ಲೇ ಮಲಗಿರುತ್ತೇನೆ ಅಂದಳು. ಡಯಲ್ಲುಗಳೆಲ್ಲ ಫಲಕದಲ್ಲಿ ಕೂತಿದ್ದವು. ಕೋಣೆ ಖಾಲಿಯಾಗಿತ್ತು. ಅವಳು ಹಿಂದಿನ ದಿನವೇ ಕಿಟಕಿಯ ಪಕ್ಕ ಮಗುವಿನ ತೊಟ್ಟಿಲು ಜೋಡಿಸಿಕೊಂಡಿದ್ದಳು. ಅಪ್ಪ ಮಾತು ಉಳಿಸಿಕೊಂಡಿದ್ದಾನೆಂದು ನನಗೂ ಒಂದು ಗಳಿಗೆ ಅನಿಸಿತ್ತು, ಸುಳ್ಳೇಕೆ.

ಈ ಸಲ ಮೇಳಕ್ಕೆ ಹೊಸ ತೀರ್ಪುಗಾರಳು ಬಂದಿದ್ದಳು. ಹೆಸ್ಟರ್ ಎಂದು, ದೂರದ ಯಾವುದೋ ಮ್ಯೂಸಿಯಂನಲ್ಲಿ ಕೆಲಸ. ನಡುವಯಸ್ಸು, ಗಟ್ಟಿ ಬೂಟು, ಲಿಪ್‌ಸ್ಟಿಕ್ ಇಲ್ಲ. ಕೈಯಲ್ಲೊಂದು ಹಳದಿ ಪೆಟ್ಟಿಗೆ. ವಿಕಿರಣ ಇದ್ದರೆ ಟಿಕ್ ಟಿಕ್ ಅನ್ನುವ ಪೆಟ್ಟಿಗೆ.

"ಒಂದ್ನಿಮಿಷ ಕೇಳಿ," ಅಂದಳು ಎಲ್ಲರಿಗೂ. "ರೇಡಿಯಂ ಡಯಲ್ ಇರೋ ಮೂತಿಯೊಳಗೆ ಇವತ್ತು ಮಕ್ಕಳನ್ನ ಬಿಡೋ ಹಾಗಿಲ್ಲ. ಪೆಟ್ಟಿಗೆ ಜೋರಾಗಿ ಬಡ್ಕೊಂಡ್ರೆ ಹಗ್ಗ ಕಟ್ಟಿ ದೂರ ಇಡಿಸ್ತೀನಿ. ಅಷ್ಟೇ ಇದರ ಕೆಲ್ಸ."

ಅಷ್ಟೇ ಅಂದರೆ ಕೇಳುವ ಜನವೇ ಇವರು? ಹೊಸ ನಕಲಿ ಡಯಲ್ಲು ಟಿಕ್ ಅನ್ನುವುದಿಲ್ಲ, ಹಳೆಯ ಅಸಲಿ ಅನ್ನುತ್ತದೆ. ಇಷ್ಟು ಹೊಳೆದದ್ದೇ ತಡ, ಮೊದಲ ಮೂತಿಯ ಹತ್ತಿರ ಪೆಟ್ಟಿಗೆ ಕಿಟಿಕಿಟಿ ಅಂದಾಗ ಅದರ ಒಡೆಯ ಎರಡೂ ಕೈ ಮೇಲೆತ್ತಿ ಕುಣಿದ. ಎರಡನೆಯದು ಇನ್ನೂ ಜೋರು. ಮೂರನೆಯವನು ಓಡಿಬಂದ.

"ಮೇಡಂ, ನಂದು ಹಿಡೀರಿ, ನಂದು! ಇವನದಕ್ಕಿಂತ ಎರಡು ಪಟ್ಟು!"

"ಇದು ಸ್ಪರ್ಧೆ ಅಲ್ಲ ರೀ!"

"ಗೊತ್ತು ಮೇಡಂ, ಗೊತ್ತು. ಆದ್ರೂ ಎಷ್ಟು ಬಂತು ಹೇಳಿ?"

ವಿಷ ಹೆಚ್ಚಿದೆ ಎಂದು ಕುಣಿಯುವ ಗಂಡಸರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳುವವರ ಹಾಗೆ ಬಾಗಿ, ಕಣ್ಣು ಮುಚ್ಚಿ ಆ ಟಿಕ್ ಟಿಕ್ ಕೇಳಿದರು. ಆಬ್ರಿಯ ಸ್ಪಿಟ್‌ಫೈರ್ ಮೂತಿ ಎಲ್ಲಕ್ಕಿಂತ ಜೋರಾಗಿ ಬಡಿದುಕೊಂಡಿತು. ಅವನು ಮೀಸೆ ತೀಡಿ ಸುತ್ತ ನೋಡಿದ. ಹೊಳಪು ಸತ್ತರೆ ವಿಷ ಸತ್ತಿತು ಅಂದಿದ್ದ ಅದೇ ಬಾಯಿ, ಕಿವಿಯಿಂದ ಕಿವಿಗೆ ನಗುತ್ತಿತ್ತು.

ಹೆಸ್ಟರ್ ನಮ್ಮ ಮೂತಿಗೆ ಬಂದಳು. ಅಪ್ಪ ಟೈ ಸರಿಮಾಡಿಕೊಂಡ. ಅವಳು ಪೆಟ್ಟಿಗೆಯನ್ನು ಫಲಕದ ಮುಂದೆ ಹಿಡಿದಳು. ಒಂದೆರಡು ಸಲ ಕೆಮ್ಮಿದ ಹಾಗೆ ಟಿಕ್ ಅಂದು ಸುಮ್ಮನಾಯಿತು.

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಕ್ಲೈವ್, ಚೀನಾದಿಂದ ತರಿಸಿದ್ಯೇನೋ?"

"ಇಲ್ಲ ಕಣೋ, ಕೋಳಿ ಇಟ್ಟ ಡಯಲ್ಲು!"

ಆಬ್ರಿ ನಗಲಿಲ್ಲ, ಅಧ್ಯಕ್ಷನ ದನಿ ತೆಗೆದ. "ನಕಲಿ ಹಾಕಿದ್ರೆ ನಕಲಿ ಅಂತ ಚೀಟಿ ಅಂಟಿಸ್ಬೇಕಪ್ಪ ಕ್ಲೈವ್. ಸಂಘಕ್ಕೂ ಒಂದು ಮರ್ಯಾದೆ ಇದೆ."

ಅಪ್ಪನ ಕತ್ತಿನ ನರ ಉಬ್ಬಿತು. ಅಮ್ಮ ಬಿಟ್ಟುಹೋದಾಗಲೂ, ಕಾರ್ಖಾನೆ ಬೀದಿಗೆ ತಳ್ಳಿದಾಗಲೂ ಅವನನ್ನು ನಾನು ಹಾಗೆ ನೋಡಿರಲಿಲ್ಲ.

"ಅಸಲಿ! ಒಂದೊಂದೂ ಅಸಲಿ! ನಾನು, ಈ ಕೈಯಾರೆ, ಆ ಹಳೇ ಬಣ್ಣಾನ ಚೂರೂ ಬಿಡದ ಹಾಗೆ ಕೆರೆದು ಕೆರೆದು ತೆಗ್ದು ಹೊಸ ಬಣ್ಣ ತುಂಬಿದೀನಿ! ಅದಕ್ಕೇ ಸದ್ದು ಬರ್ತಿಲ್ಲ! ಕೇಳಿ ಬೇಕಾದ್ರೆ ನನ್ನ ಮಗನ್ನ!"

ಹೆಸ್ಟರ್ ಪೆಟ್ಟಿಗೆ ಕೆಳಗಿಳಿಸಿದಳು. "ಕೆರೆದ್ರಾ? ಎಲ್ಲಿ ಕೂತು ಕೆರೆದ್ರಿ?"

"ಮನೇಲಿ."

"ಮನೇಲಿ ಎಲ್ಲಿ?"

"ಹಿಂದಿನ ರೂಮಲ್ಲಿ. ಮೇಜಿನ ಮೇಲೆ."

"ಆ ಪುಡಿ ಏನ್ಮಾಡಿದ್ರಿ?"

ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಪುಡಿ ಏನ್ಮಾಡ್ತಾರೆ? ಊದಿದೆ."

"ಆ ರೂಮಲ್ಲಿ ಯಾರಿದ್ದಾರೆ ಈಗ?"

"ನಮ್ಮಕ್ಕ," ಅಂದೆ ನಾನು. "ತುಂಬಿದ ಬಸುರಿ. ಅಲ್ಲೇ ಮಲಗಿದಾಳೆ."

ನಗುತ್ತಿದ್ದವರೆಲ್ಲ ತಮ್ಮ ಬೂಟು ನೋಡಿಕೊಂಡರು. ಹೆಸ್ಟರ್ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು: "ಹೊಳಪು ಸಾಯುತ್ತೆ, ರೇಡಿಯಂ ಸಾಯಲ್ಲ. ಇನ್ನೂ ಸಾವಿರ ವರ್ಷಕ್ಕೂ ಅದು ಹೋಗಲ್ಲ. ಇಲ್ಲಿ ಇಲ್ಲ ಅಂದ್ರೆ ಅಲ್ಲಿದೆ, ನೆಲದಲ್ಲಿ, ಹಾಸಿಗೇಲಿ. ಅವಳನ್ನ ಈಗಲೇ ಹೊರಗೆ ಕರ್ಕೊಂಡು ಬನ್ನಿ. ಗುಡಿಸೋದು ಒರೆಸೋದು ಏನೂ ಮಾಡ್ಬೇಡಿ, ಬಾಗಿಲು ಮುಚ್ಚಿಬಿಡಿ. ನಾನೂ ಹಿಂದೇನೇ ಬರ್ತೀನಿ. ಸರ್ಕಾರದೋರಿಗೆ ಫೋನ್ ಮಾಡ್ಬೇಕು."

ಸರ್ಕಾರ ಎಂಬ ಶಬ್ದ ಕೇಳಿದ್ದೇ ಆಬ್ರಿಗೆ ಜೀವ ಬಂತು. ಅಪ್ಪನ ತೋಳು ಹಿಡಿದು ಮೂತಿಯ ಮರೆಗೆ ಎಳೆದುಕೊಂಡು ಹೋದ. ನಾನೂ ಹಿಂದೆ ಹೋದೆ.

"ಕ್ಲೈವ್, ತಲೆ ಉಪಯೋಗ್ಸು. ಅವರು ಬಂದ್ರೆ ನಿನ್ನ ಮೂತಿ ಒಂದೇ ಅಲ್ಲ, ಇಲ್ಲಿರೋ ಅಷ್ಟೂ ಮೂತಿ ಬಿಚ್ಚಿಸ್ತಾರೆ. ಮೇಳಾನೇ ನಿಲ್ಲುತ್ತೆ. ಆ ಕಾರ್ಪೆಟ್ ಸುತ್ತಿ ಎಲ್ಲಾದ್ರೂ ಬಿಸಾಕು, ನಾಲ್ಕು ದಿನ ಕಿಟಕಿ ತೆಗ್ದಿಡು, ಮುಗೀತು. ಆ ಮ್ಯೂಸಿಯಂನೋಳಿಗೆ ನಾನು ಹೇಳ್ತೀನಿ, ಸುಮ್ನಿರು ಅಂತ."

"ಕಡ್ಡಿ ಕೊಟ್ಟೋನು ನೀನು," ಅಂದೆ. "ವಿಷ ಸತ್ತಿದೆ ಅಂದೋನು ನೀನು. ನಮ್ಮಕ್ಕನ ಹಾಸಿಗೆ ಮೇಲೆ ಕೂತ್ಕೊಂಡು ಹೇಳ್ದೆಯಲ್ಲೋ ಹಲ್ಲು ಕೀಳೋನೇ!"

"ನೋಡಪ್ಪ, ಓದಿಲ್ಲದ ಹುಡುಗರ ಜೊತೆ ನಾನು ಮಾತಾಡಲ್ಲ. ಕ್ಲೈವ್, ಇವತ್ತು ಸಂಜೆ ಬಟ್ಟಲು ಯಾರಿಗೆ ಅಂತ ಕಮಿಟಿ ತೀರ್ಮಾನ ಮಾಡುತ್ತೆ. ಕಮಿಟಿ ಅಂದ್ರೆ ನಾನೇ. ಸದ್ದು ಬರದೇ ಇದ್ದಿದ್ದಕ್ಕೆ ಕಾರಣ ಏನು ಅಂತ ಈಗ ಎಲ್ಲಾರಿಗೂ ಗೊತ್ತಾಯ್ತಲ್ಲ. ಅಸಲಿ ಅನ್ನೋದ್ರಲ್ಲಿ ಅನುಮಾನ ಇಲ್ಲ."

ನಾನು ಅಪ್ಪನನ್ನೇ ನೋಡಿದೆ. "ಗಾಡಿ ಹತ್ತಪ್ಪ, ಮನೆಗೆ ಹೋಗೋಣ."

ಅಪ್ಪ ಮೂತಿಯ ಗಾಜಿನ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಮುಖದ ಮೇಲೆ ಇದ್ದದ್ದು ಭಯವಲ್ಲ. ಸಮಾಧಾನ. ಅಸಲಿ ಅಂದರಲ್ಲ, ಆ ಸಮಾಧಾನ.

"ನೀನು ಹೋಗಿರು ಕಣೋ," ಅಂದ. "ನಾನಿಲ್ಲಿ ಬಿಟ್ಟು ಬಂದ್ರೆ ಯಾರಾದ್ರೂ ಒಳಗೆ ಕೈ ಹಾಕ್ತಾರೆ. ಸಂಜೆ ಲೀಡರ್ ಕಾರಲ್ಲಿ ಬರ್ತೀನಿ. ಇಷ್ಟು ದಿನ ಅಲ್ಲೇ ಮಲಗಿದಾಳೆ, ಇನ್ನೆರಡು ಗಂಟೆಗೆ ಏನಾಗುತ್ತೆ?"

ನಾನು ಟ್ರೇಲರಿನ ಕೊಂಡಿ ಕಳಚಿದೆ. ಮೂತಿ ಮುಂದಕ್ಕೆ ಮುಗ್ಗರಿಸಿ ಒದ್ದೆ ಹುಲ್ಲಿಗೆ ಗದ್ದ ಊರಿತು. ಅಪ್ಪ 'ಗಾಜು! ಗಾಜು!' ಎಂದು ಕೂಗುವುದು ವ್ಯಾನು ತಿರುಗಿಸುವವರೆಗೂ ಕೇಳುತ್ತಿತ್ತು.

ಬೆಥನಿ ನಿದ್ದೆಗಣ್ಣಿನಲ್ಲಿ ಎದ್ದಳು.

"ಏಳು. ಏನೂ ತಗೋಬೇಡ. ಚಪ್ಪಲಿನೂ ಬೇಡ."

"ಯಾಕೋ? ಮನೆಗೆ ಬೆಂಕಿ ಬಿತ್ತಾ?"

"ಬೆಂಕಿ ಆಗಿದ್ರೆ ಕಣ್ಣಿಗಾದ್ರೂ ಕಾಣ್ತಿತ್ತು. ಏಳೇ!"

ಹೊರಗೆ ಕರೆದುಕೊಂಡು ಬಂದು ಕಾಂಪೌಂಡಿನ ಮೋಟುಗೋಡೆಯ ಮೇಲೆ ಕೂರಿಸಿ ವಿಷಯ ಹೇಳುವಷ್ಟರಲ್ಲಿ ಹೆಸ್ಟರಳ ಕಾರು ಬಂತು. ಅವಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಬ್ಬಳೇ ಒಳಗೆ ಹೋದಳು. ಹಿಂದಿನ ಕೋಣೆಯ ಸದ್ದು ನಮಗೆ ರಸ್ತೆಯವರೆಗೂ ಕೇಳಿತು. ಟಿಕ್ ಟಿಕ್ ಅಲ್ಲ, ಬಿಸಿ ಬಾಣಲೆಗೆ ನೀರು ಬಿದ್ದ ಹಾಗೆ ಒಂದೇ ಸಮನೆ ಚರಚರ. ಬೆಥನಿ ನನ್ನ ಕೈ ಹಿಡಿದುಕೊಂಡಳು, ಉಗುರು ನಾಟುವ ಹಾಗೆ.

ಹೆಸ್ಟರ್ ಹೊರಬಂದಳು. ಬೆಥನಿ ಶರ್ಟು ಮೇಲಕ್ಕೆ ಎಳೆದು ಹೊಟ್ಟೆ ತೋರಿಸಿದಳು. "ಇಲ್ಲಿ ಹಿಡೀರಿ."

ಹೆಸ್ಟರ್ ಹಿಡಿದಳು. ಪೆಟ್ಟಿಗೆ ಸುಮ್ಮನಿತ್ತು. ಕೂದಲ ಬಳಿ ಸ್ವಲ್ಪ ಗೊಣಗಿತು, ಅಂಗಾಲಿನ ಬಳಿ ಬಾಯಿಬಿಟ್ಟಿತು.

"ಮೈ ಮೇಲಿರೋದು ತೊಳೆದ್ರೆ ಹೋಗುತ್ತೆ," ಅಂದಳು ಹೆಸ್ಟರ್. "ಉಸಿರಲ್ಲಿ ಏನು ಹೋಗಿದೆ ಅಂತ ಈ ಪೆಟ್ಟಿಗೆ ಹೇಳಲ್ಲಮ್ಮ. ಡಾಕ್ಟರೇ ಹೇಳ್ಬೇಕು. ಸುಳ್ಳು ಧೈರ್ಯ ಕೊಡಲ್ಲ ನಾನು."

ಪಕ್ಕದ ಮನೆಯಲ್ಲಿ ಬೆಥನಿಗೆ ಸ್ನಾನ ಮಾಡಿಸಿ, ಆ ಮನೆಯಾಕೆಯ ಬಟ್ಟೆ ಉಡಿಸಿ, ಹೆಸ್ಟರ್ ಎಲ್ಲೆಲ್ಲಿಗೋ ಫೋನು ಮಾಡಿ, ಅಮ್ಮನಿಗೂ ತಿಳಿಸಿ ನಾವಿನ್ನೂ ಗೋಡೆಯ ಮೇಲೆ ಕೂತಿರುವಾಗಲೇ ಆಬ್ರಿಯ ಕಾರು ಬಂತು. ಅಪ್ಪ ಇಳಿದ. ಆಬ್ರಿ ಎಂಜಿನ್ ಕೂಡ ಆರಿಸದೆ ಹೊರಟುಹೋದ. ಅಪ್ಪನ ಕಂಕುಳಲ್ಲಿ ಬೆಳ್ಳಿಯ ಬಟ್ಟಲು.

"ಅಪ್ಪಾ," ಅಂದಳು ಬೆಥನಿ. "ನಿಂಗೆ ಯಾವಾಗ ಗೊತ್ತಾಯ್ತು?"

"ಏನು? ಅದಾ? ಮಧ್ಯಾಹ್ನ."

"ಈಗ ಹೊತ್ತೆಷ್ಟು?"

ಅಪ್ಪ ಆಕಾಶ ನೋಡಿದ. "ಸಂಜೆ."

ಅವಳು ಎದ್ದು ರಸ್ತೆಯ ಕಡೆ ತಿರುಗಿ ನಿಂತಳು. ಅಮ್ಮನ ಗಂಡ ಮೀನಿನ ವಾಸನೆಯ ತನ್ನ ಗಾಡಿ ತಂದು ಅವಳನ್ನು ಕರೆದುಕೊಂಡು ಹೋದ. ಹೋಗುವ ಮುಂಚೆ ಅವನು, ಯಾರಿಗೂ ಏನೂ ಆಗಬೇಕಿಲ್ಲದವನು, ಅವಳ ಸೀಟಿಗೆ ತನ್ನ ಕೋಟು ಮಡಚಿ ಹಾಸಿದ.

ಸೋಮವಾರ ಬಿಳಿ ಅಂಗಿ ತೊಟ್ಟ ಸರ್ಕಾರದವರು ಬಂದರು. ಕಾರ್ಪೆಟ್ಟು, ಹಾಸಿಗೆ, ಮೇಜು, ಜೋಡಿಸಿಟ್ಟಿದ್ದ ತೊಟ್ಟಿಲು, ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ನಮ್ಮನ್ನು ಅತಿಥಿಗೃಹವೊಂದಕ್ಕೆ ಸಾಗಹಾಕಿದರು. ಏರ್‌ಫೀಲ್ಡಿನಲ್ಲಿ ಗದ್ದ ಊರಿ ನಿಂತಿದ್ದ ಮೂತಿಯನ್ನೂ ಎತ್ತಿಕೊಂಡು ಹೋದರು. ಆಬ್ರಿ ಮತ್ತು ಅವನ ಪಟಾಲಂ ರಾತ್ರೋರಾತ್ರಿ ತಮ್ಮ ಮೂತಿಗಳನ್ನು ಎಲ್ಲೆಲ್ಲೋ ಬಚ್ಚಿಟ್ಟರು, ಆಮೇಲೆ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಸಂಘ ನಮ್ಮಿಬ್ಬರಿಗೂ ಆಜೀವ ಬಹಿಷ್ಕಾರ ಹಾಕಿತು. ನಾನು ಸದಸ್ಯನೇ ಅಲ್ಲ ಎಂದು ಅವರಿಗೆ ನೆನಪಿಸುವ ಗೋಜಿಗೆ ಹೋಗಲಿಲ್ಲ. ಅಪ್ಪ ಇದಕ್ಕೆ ಅತ್ತ. ಬಹಿಷ್ಕಾರಕ್ಕೆ.

ಜುಲೈನಲ್ಲಿ ಮಗು ಹುಟ್ಟಿತು. ಹೆಣ್ಣು. ಎಲ್ಲ ಬೆರಳೂ ಇವೆ, ಗಂಟಲೂ ಜೋರಾಗಿದೆ. ಡಾಕ್ಟರು ತಾಯಿ ಮಗು ಇಬ್ಬರನ್ನೂ ಆಗಾಗ ಕರೆದುಕೊಂಡು ಬನ್ನಿ, ವರ್ಷಗಳ ಕಾಲ ನೋಡುತ್ತಿರಬೇಕು ಅಂದರು. ವರ್ಷಗಳ ಕಾಲ ಎನ್ನುವ ಮಾತು ಬೆಥನಿಯ ಮುಖದ ಮೇಲೆ ಹಾಗೇ ಕೂತಿದೆ. ಅಪ್ಪ ದಿನಾ ಫೋನು ಮಾಡುತ್ತಿದ್ದ, ಅವಳು ಎತ್ತುತ್ತಿರಲಿಲ್ಲ. ಅಮ್ಮ ನಡುವೆ ಬಿದ್ದು, ಬರಲಿ, ಒಂದು ಸಲ ಮುಖ ನೋಡಿ ಹೋಗಲಿ ಅಂದಳು. ಬೆಥನಿ ಹೂಂ ಅಂದಳು, ಒಂದೇ ಸಲ ಅಂದಳು.

ನಾನೇ ಕರೆದುಕೊಂಡು ಹೋದೆ. ಅಪ್ಪ ಕ್ಷೌರ ಮಾಡಿಸಿದ್ದ, ಹೂವು ಕೊಂಡಿದ್ದ. ದಾರಿಯುದ್ದಕ್ಕೂ ಮಗು ಯಾರ ಹಾಗಿದೆ, ಅಳುತ್ತದಾ, ನಗುತ್ತದಾ ಎಂದು ಕೇಳಿದ. ಮನುಷ್ಯನಾಗುತ್ತಿದ್ದಾನೆ ಅಂದುಕೊಂಡೆ.

ಬಾಗಿಲು ತೆಗೆದವಳು ಬೆಥನಿಯೇ. ಹೂವು ನೋಡಿದಳು. ಆಮೇಲೆ ಅಪ್ಪನ ಕೋಟಿನ ಜೇಬು ನೋಡಿದಳು. ಅದು ಒಂದು ಕಡೆಗೆ ಜೋತು ಬಿದ್ದಿತ್ತು.

"ಜೇಬಲ್ಲೇನು?"

"ಏನಿಲ್ಲಮ್ಮ."

"ಜೇಬಲ್ಲೇನು ಅಪ್ಪಾ?"

ಅಪ್ಪ ನಾಚಿದ ಹುಡುಗನ ಹಾಗೆ ತೆಗೆದು ತೋರಿಸಿದ. ಎತ್ತರ ತೋರಿಸುವ ಡಯಲ್ಲು. ಕಂದು ಅಂಕಿಗಳು ಹಾಗೇ ಇದ್ದವು.

"ಇದನ್ನ ನಾನು ಕೆರೆದೇ ಇಲ್ಲ," ಅಂದ ಅವಸರದಲ್ಲಿ. "ಗಾಜು ಕೂಡ ಬಿಚ್ಚಿಲ್ಲ. ಪೂರ್ತಿ ಭದ್ರ. ಫಲಕಕ್ಕೆ ಹಾಕದೆ ಇದೊಂದು ಉಳಿದಿತ್ತು, ಸರ್ಕಾರದೋರ ಕಣ್ಣಿಗೆ ಬೀಳ್ಲಿಲ್ಲ. ಅತಿಥಿಗೃಹದಲ್ಲಿ ಬಿಟ್ಟು ಬಂದ್ರೆ ಆ ಕೆಲಸದೋಳು…"

ಬೆಥನಿ ಬಾಗಿಲು ಹಾಕಿದಳು. ಜೋರಾಗಿ ಅಲ್ಲ. ಒಳಗಿನ ಚಿಲಕ ಸರಿದ ಸದ್ದು ಕೇಳಿತು.

ಅಪ್ಪ ಮಂಡಿಯೂರಿ ಬಾಗಿಲಿನ ಅಂಚೆ ಕಿಂಡಿಯ ಮುಚ್ಚಳ ಎತ್ತಿ ಬಾಯಿಟ್ಟ. "ಬೆಥನೀ, ಒಂದ್ಸಲ ಮುಖ ತೋರ್ಸಮ್ಮ ಸಾಕು. ಮುಟ್ಟಲ್ಲ ಬೇಕಾದ್ರೆ. ಇದು ಮೂಲ ವಿಮಾನದ್ದೇ ಕಣಮ್ಮ, ಇದರ ಜೊತೆಯ ಇನ್ನೊಂದು ಇಡೀ ದೇಶದಲ್ಲಿ…"

"ಅದನ್ನ ಈ ಕಿಂಡಿ ಹತ್ರ ತಂದ್ರೆ ಪೊಲೀಸಿಗೆ ಫೋನ್ ಮಾಡ್ತೀನಿ," ಅಂತು ಒಳಗಿನ ದನಿ.

ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಅಪ್ಪ ಕಿಂಡಿಯ ಮುಚ್ಚಳ ಹಿಡಿದುಕೊಂಡೇ ಕಿವಿಗೊಟ್ಟ. ಮಗು ಬಿಕ್ಕಿ ಬಿಕ್ಕಿ ಅತ್ತು, ಯಾರೋ ಎತ್ತಿಕೊಂಡ ಮೇಲೆ ತಣ್ಣಗಾಯಿತು. ಅಪ್ಪನ ಕಣ್ಣಲ್ಲಿ ನೀರು ಬಂತು. ಅವನು ಎದ್ದ, ಮಂಡಿಯ ಧೂಳು ಕೊಡವಿದ, ನನ್ನ ಹತ್ತಿರ ಬಂದು ಡಯಲ್ಲನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ.

"ಡ್ಯಾರಿಲ್, ಇದನ್ನ ಒಂದ್ನಿಮಿಷ ಹಿಡ್ಕೊಂಡಿರೋ. ಮಗು ನೋಡ್ಕೊಂಡು ಬಂದ್ಬಿಡ್ತೀನಿ."

ನಾನು ಎರಡೂ ಕೈ ಜೇಬಿಗೆ ಇಳಿಸಿದೆ.